ನಂಬಿಕೆ ಬಿಟ್ಟ ಮೇಲಿನ ಒತ್ತಡ: ಮೊದಲು ನಿದ್ದೆ, ಆಮೇಲೆ ಭಯ, ಕೊನೆಗೆ ಮನೆಯವರ ಜೊತೆ ಮಾತು

ದೇವರಿಲ್ಲ ಎಂದು ತಲೆಗೆ ಖಾತ್ರಿಯಾದ ಮೇಲೂ ನಾಗಬನದ ಪಕ್ಕ ಹಾಯುವಾಗ ಕೈ ತಾನಾಗಿಯೇ ಎದೆಗೆ ಹೋಗುತ್ತದೆ. ನಮಾಜಿನ ಹೊತ್ತು ದಾಟಿದರೆ ಹೊಟ್ಟೆಯೊಳಗೆ ತಳಮಳ. ಭಾನುವಾರ ಚರ್ಚಿಗೆ ಹೋಗದೆ ಮನೆಯಲ್ಲಿ ಕೂತರೆ ಕದ್ದು ಕೂತ ಹಾಗೆ ಅನಿಸುತ್ತದೆ. ಹೀಗಾದಾಗ ಹಲವರು ‘ನನ್ನ ವಿಚಾರವೇ ಗಟ್ಟಿಯಿಲ್ಲವೇನೋ’ ಎಂದುಕೊಂಡು ಇನ್ನಷ್ಟು ಓದುತ್ತಾರೆ, ಇನ್ನಷ್ಟು ವಾದಕ್ಕಿಳಿಯುತ್ತಾರೆ. ಅದರಿಂದ ದೊಡ್ಡ ಪ್ರಯೋಜನವಿಲ್ಲ. ವಿಚಾರ ಬದಲಾಗಲು ಒಂದು ಮಳೆಗಾಲ ಸಾಕಾಗಬಹುದು. ನಾಲ್ಕೈದು ವರ್ಷದ ಮಗುವಾಗಿದ್ದಾಗಿನಿಂದ ಮೈಗೆ ಹತ್ತಿದ ಭಯ, ಹೊತ್ತುಹೊತ್ತಿನ ರೂಢಿ, ನೆಂಟರಿಷ್ಟರ ನಡುವಿನ ಸ್ಥಾನ, ಇವು ಸಡಿಲವಾಗಲು ಹೆಚ್ಚು ಸಮಯ ತೆಗೆದುಕೊಳ್ಳುತ್ತವೆ.

ನಮ್ಮ ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ, ಕಾರವಾರದ ಕಡೆಯ ಮನೆಗಳಲ್ಲಿ ಸಾಮಾನ್ಯವಾಗಿ ಆಗುವ ತಪ್ಪು ಕ್ರಮದ್ದು. ನಿದ್ದೆ ಕೆಟ್ಟು, ಸಿಟ್ಟು ನೆತ್ತಿಗೇರಿ, ಭಯ ಇನ್ನೂ ಹಸಿಯಾಗಿರುವಾಗಲೇ ಚೌತಿಯ ದಿನ ಮನೆತುಂಬ ಜನರ ಎದುರು ‘ನಾನು ನಂಬುವುದಿಲ್ಲ’ ಎಂದು ಹೇಳಿಬಿಡುವುದು. ಆಮೇಲೆ ಎಲ್ಲವನ್ನೂ ಒಟ್ಟಿಗೇ ಹೊರಬೇಕಾಗುತ್ತದೆ. ಕ್ರಮ ತಿರುಗಿಸಿದರೆ ಅರ್ಧ ಭಾರ ಇಳಿಯುತ್ತದೆ. ನಂಬುವುದು ಸರಿಯೋ ಬಿಡುವುದು ಸರಿಯೋ ಎಂಬ ಚರ್ಚೆ ಇಲ್ಲಿಲ್ಲ. ಈಗಾಗಲೇ ಬಿಟ್ಟವರಿಗಾಗಿ ಇದನ್ನು ಬರೆದಿದ್ದೇವೆ.

ಇದು ಕಾಯಿಲೆಯೇ?

ಅಲ್ಲ. ಅಮೆರಿಕದ ಮನೋವೈದ್ಯರ ಸಂಘ 1994ರಲ್ಲಿ ಮಾನಸಿಕ ಕಾಯಿಲೆಗಳನ್ನು ಗುರುತಿಸುವ ತನ್ನ ಕೈಪಿಡಿಯ ನಾಲ್ಕನೇ ಆವೃತ್ತಿಗೆ ‘ಧಾರ್ಮಿಕ ಅಥವಾ ಆಧ್ಯಾತ್ಮಿಕ ಸಮಸ್ಯೆ’ ಎಂಬ ಶೀರ್ಷಿಕೆ ಸೇರಿಸಿತು. ನಂಬಿಕೆ ಕಳೆದುಕೊಂಡು ಸಂಕಟಪಡುವುದು ಅದರಡಿ ಬರುತ್ತದೆ. ಅದನ್ನು ಇಟ್ಟದ್ದು ರೋಗಗಳ ಸಾಲಿನಲ್ಲಲ್ಲ, ವೈದ್ಯರು ಗಮನ ಕೊಡಬೇಕಾದ ಬದುಕಿನ ತೊಂದರೆಗಳ ಸಾಲಿನಲ್ಲಿ. ನಮ್ಮ ದೇಶದ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಇನ್ನೂ ನೇರವಾಗಿದೆ: ಒಬ್ಬ ವ್ಯಕ್ತಿ ತನ್ನ ಸಮುದಾಯದಲ್ಲಿ ಚಾಲ್ತಿಯಲ್ಲಿರುವ ಧಾರ್ಮಿಕ ನಂಬಿಕೆಗೆ ಹೊಂದಿಕೊಳ್ಳುವುದಿಲ್ಲ ಎಂಬ ಕಾರಣಕ್ಕೆ ಅವನಿಗೆ ಮಾನಸಿಕ ಕಾಯಿಲೆ ಇದೆ ಎಂದು ತೀರ್ಮಾನಿಸುವ ಹಾಗಿಲ್ಲ. ‘ಇವನ ತಲೆ ಕೆಟ್ಟಿದೆ, ಡಾಕ್ಟರಿಗೆ ತೋರಿಸಿ’ ಎನ್ನುವ ಮಾವಂದಿರು ಎದುರಾದರೆ ಈ ಮಾತು ನೆನಪಿರಲಿ. ಆದರೆ ನಂಬಿಕೆ ಬಿಟ್ಟ ಕಾಲಕ್ಕೇ ಖಿನ್ನತೆಯೋ ಗೀಳು ರೋಗವೋ ಜೊತೆಗೂಡಬಹುದು. ಅದು ಬೇರೆ ವಿಷಯ, ಮುಂದೆ ಹೇಳಿದ್ದೇವೆ.

ಹೆಜ್ಜೆ 1: ಮೂರು ವಾರ ಏನನ್ನೂ ಘೋಷಿಸಬೇಡಿ

ಈ ಮೂರು ವಾರದ ಕೆಲಸ ನಿದ್ದೆ, ಉಸಿರು ಮತ್ತು ಖಾಲಿಬಿದ್ದ ಹೊತ್ತು, ಇಷ್ಟೇ.

ಮಲಗುವ ಮುನ್ನ ಸ್ತೋತ್ರವೋ ಜಪವೋ ಮಾಡುತ್ತಿದ್ದವರಿಗೆ ನಿದ್ದೆ ಕೆಡಲು ಒಂದು ಸರಳ ಕಾರಣವಿದೆ. ಆ ಹತ್ತು ನಿಮಿಷ ‘ದಿನ ಮುಗಿಯಿತು’ ಎಂದು ಮೈಗೆ ಸೂಚನೆ ಕೊಡುತ್ತಿತ್ತು. ಅದನ್ನು ತೆಗೆದು ಆ ಜಾಗಕ್ಕೆ ಮೊಬೈಲ್ ಇಟ್ಟರೆ ಸೂಚನೆಯೇ ಹೋಯಿತು. ಅದೇ ಹೊತ್ತಿಗೆ, ಅದೇ ಜಾಗದಲ್ಲಿ ಬೇರೊಂದನ್ನು ಮಾಡಿ. ಬೆನ್ನು ನೇರ ಮಾಡಿ ಕೂತು, ನಾಲ್ಕು ಎಣಿಸುವಷ್ಟು ಹೊತ್ತು ಮೂಗಿನಿಂದ ಉಸಿರು ಒಳಗೆ, ಆರು ಎಣಿಸುವಷ್ಟು ಹೊತ್ತು ಹೊರಗೆ. ಹೀಗೆ ನಿಮಿಷಕ್ಕೆ ಆರು ಉಸಿರು, ಐದು ನಿಮಿಷಕ್ಕೆ ಮೂವತ್ತು. ಹೊರಗೆ ಬಿಡುವ ಉಸಿರು ಉದ್ದವಾದಾಗ ಹೃದಯದ ಬಡಿತ ಇಳಿಯುತ್ತದೆ. ಕೆಲಸ ಮಾಡುವುದು ಅದೇ. ಬೆರಳಿನ ಗೆಣ್ಣು ಎಣಿಸುವ ರೂಢಿ ಇದ್ದರೆ ಅದನ್ನೇ ಬಳಸಿ. ಗೆಣ್ಣುಗಳು ಯಾವ ಮತಕ್ಕೂ ಸೇರಿದವಲ್ಲ. ತಲೆ ಸುತ್ತಿದರೆ ನೀವು ತೀರಾ ಆಳವಾಗಿ ಎಳೆಯುತ್ತಿದ್ದೀರಿ ಎಂದರ್ಥ. ಉಸಿರಿನ ಪ್ರಮಾಣ ಕಡಿಮೆ ಮಾಡಿ, ವೇಗವನ್ನಲ್ಲ.

ಹಾಸಿಗೆಯಲ್ಲಿ ಸುಮಾರು 20 ನಿಮಿಷ ಹೊರಳಿದರೂ ನಿದ್ದೆ ಬರದಿದ್ದರೆ ಎದ್ದು ಬೇರೆ ಕೋಣೆಗೆ ಹೋಗಿ, ಮಂದ ಬೆಳಕಿನಲ್ಲಿ ಕೂತು, ಕಣ್ಣು ಎಳೆದಾಗ ವಾಪಸು ಬನ್ನಿ. ಎಷ್ಟೇ ತಡವಾಗಿ ಮಲಗಿದರೂ ಬೆಳಿಗ್ಗೆ ಏಳುವ ಹೊತ್ತು ಮಾತ್ರ ಬದಲಾಗಬಾರದು. ಚಾ, ಕಾಫಿ ಮಧ್ಯಾಹ್ನ 2ರ ನಂತರ ಬೇಡ. ಕೆಫೀನಿನ ಅರ್ಧಾಂಶ ಕರಗಲು ಸುಮಾರು ಐದು ತಾಸು ಬೇಕು. ಇಲ್ಲಿನ ಮನೆಗಳಲ್ಲಿ ಸಂಜೆಯ ಚಾ ಬಿಡುವುದು ದೇವರನ್ನು ಬಿಟ್ಟದ್ದಕ್ಕಿಂತ ಕಷ್ಟ, ಗೊತ್ತು; ಅರ್ಧ ಲೋಟಕ್ಕಾದರೂ ಇಳಿಸಿ. ಸಾರಾಯಿಯ ಬಗ್ಗೆ ಒಂದೇ ಮಾತು: ಮಾಜಾಳಿ ದಾಟಿದರೆ ಗೋವಾ, ಅಲ್ಲಿ ಅಗ್ಗ, ಕಾರವಾರದ ಹುಡುಗರಿಗೆ ಕೈಗೆಟುಕುವ ದೂರ. ಕುಡಿದರೆ ಬೇಗ ನಿದ್ದೆ ಹತ್ತುತ್ತದೆ, ರಾತ್ರಿ ಎರಡೋ ಮೂರೋ ಗಂಟೆಗೆ ಎಚ್ಚರವಾಗುತ್ತದೆ. ಆ ಹೊತ್ತಿನ ಎಚ್ಚರದಲ್ಲೇ ನರಕ, ಶಾಪ, ಪಾಪ ಎಲ್ಲ ಸಾಲಾಗಿ ಬರುತ್ತವೆ.

ಬೆಳಗಿನ ಸಂಧ್ಯಾವಂದನೆ, ಪೂಜೆ, ನಮಾಜಿನಿಂದ ಖಾಲಿಯಾದ 20–40 ನಿಮಿಷಕ್ಕೂ ಏನನ್ನಾದರೂ ಮೊದಲೇ ಗೊತ್ತುಮಾಡಿ. ಮೈ ದುಡಿಯುವ ಕೆಲಸವಾದರೆ ಉತ್ತಮ: ತೋಟಕ್ಕೆ ಒಂದು ಸುತ್ತು, ಸಮುದ್ರದಂಡೆಯಲ್ಲಿ ಬಿರುಸು ನಡಿಗೆ. ಮಳೆಗಾಲದಲ್ಲಿ ಹೊರಗೆ ಹೋಗಲಾಗದು. ಆಗ ಜಗಲಿಯಲ್ಲೇ ಸೂರ್ಯನಮಸ್ಕಾರ ಮಾಡುವವರಿದ್ದಾರೆ, ಮಂತ್ರ ಬಿಟ್ಟು. ಮನೆಯವರಿಗೆ ಅದು ಹಿಡಿಸುತ್ತದೆ, ನಿಮಗೆ ವ್ಯಾಯಾಮವಾಗುತ್ತದೆ.

ಈ ವಾರಗಳಲ್ಲಿ ಸಿಟ್ಟು ಬರುತ್ತದೆ. ದೋಷ ಪರಿಹಾರಕ್ಕೆ ಸುರಿದ ದುಡ್ಡು, ಬಾಲ್ಯದಲ್ಲಿ ಹೆದರಿಸಿದ್ದು, ಜಾತಕದ ಹೆಸರಲ್ಲಿ ಮುರಿದ ಸಂಬಂಧ, ಎಲ್ಲ ನೆನಪಾಗುತ್ತದೆ. ದಿನಕ್ಕೆ 15 ನಿಮಿಷ ಅದನ್ನು ಕಾಗದದ ಮೇಲೆ ಕಾರಿಕೊಳ್ಳಿ, ಯಾರಿಗೂ ಕಳಿಸಬೇಡಿ. ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಭಟ್ಟರ ಬಗ್ಗೆಯೋ ಮಠದ ಬಗ್ಗೆಯೋ ಬರೆಯಬೇಕೆನಿಸಿದರೆ ಎರಡು ದಿನ ತಡೆಯಿರಿ. ಎರಡು ದಿನದ ನಂತರವೂ ಬರೆಯಬೇಕೆನಿಸುವುದು ಅಪರೂಪ. ಧರ್ಮವನ್ನು ಖಂಡಿಸುವ ವಿಡಿಯೋಗಳನ್ನು ರಾತ್ರಿಯಿಡೀ ನೋಡುವುದೂ ಚಟವೇ. ದಿನಕ್ಕೆ ಅರ್ಧ ಗಂಟೆ ಸಾಕು, ಅದೂ ಹಗಲಿನಲ್ಲಿ.

ಹೆಜ್ಜೆ 2: ಭಯವನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು

ಭಯ ವಾದಕ್ಕೆ ಬಗ್ಗುವುದಿಲ್ಲ. ಹೆದರಿದ್ದನ್ನು ಮಾಡಿ, ಏನೂ ಆಗದ್ದನ್ನು ಮೈ ಮತ್ತೆ ಮತ್ತೆ ಕಂಡಾಗ ಮಾತ್ರ ಇಳಿಯುತ್ತದೆ. ಚಿಕಿತ್ಸಕರು ಬಳಸುವ ವಿಧಾನವೂ ಇದೇ.

ಹೆದರಿಕೆಯ ಎಂಟು-ಹತ್ತು ಸಂದರ್ಭ ಬರೆದು ಒಂದೊಂದಕ್ಕೆ 0ಯಿಂದ 100ರ ಒಳಗೆ ಅಂಕ ಕೊಡಿ. ನಾಗನ ಭಯವಿರುವ ಒಬ್ಬರ ಪಟ್ಟಿ ಹೀಗಿರಬಹುದು: ನಾಗನ ಕಲ್ಲಿನ ಚಿತ್ರ ನೋಡುವುದು, 20. ಬನದ ಪಕ್ಕದ ದಾರಿಯಲ್ಲಿ ಕೈಮುಗಿಯದೆ ನಡೆಯುವುದು, 40. ಪಂಚಮಿಯ ದಿನ ಹಾಲೆರೆಯದೆ ಇರುವುದು, 65. ಮನೆಯಲ್ಲಿ ಯಾರಿಗೋ ಚರ್ಮದ ತೊಂದರೆ ಬಂದಾಗಲೂ ದೋಷ ಕೇಳಿಸದೆ ಡಾಕ್ಟರಿಗೆ ತೋರಿಸುವುದು, 90. ಶುರು 30–40ರ ಮಟ್ಟದಿಂದ. ಆ ಸಂದರ್ಭದಲ್ಲಿ ಭಯ ಅರ್ಧಕ್ಕಿಳಿಯುವವರೆಗೆ ಇರಿ, ಸಾಮಾನ್ಯವಾಗಿ 20ರಿಂದ 45 ನಿಮಿಷ. ವಾರಕ್ಕೆ ನಾಲ್ಕೈದು ಸಲ ಮಾಡಿ. ಸತತ ಮೂರು ಸಲ ಆರಂಭದ ಅಂಕವೇ 20ಕ್ಕಿಂತ ಕೆಳಗಿದ್ದರೆ ಮುಂದಿನ ಮೆಟ್ಟಿಲು.

ಕೆಡುವುದು ಎಲ್ಲಿ? ‘ಯಾವುದಕ್ಕೂ ಇರಲಿ’ ಎಂದು ಮನಸ್ಸಿನೊಳಗೇ ಒಂದು ‘ಕಾಪಾಡಪ್ಪಾ’ ಅಂದುಬಿಡುವುದರಲ್ಲಿ. ಅಂದರೆ ಏನೂ ಆಗದಿದ್ದದ್ದರ ಶ್ರೇಯ ಆ ಪ್ರಾರ್ಥನೆಗೆ ಹೋಗುತ್ತದೆ, ಮೈ ಏನನ್ನೂ ಕಲಿಯುವುದಿಲ್ಲ. ಬಾಯಿಂದ ಬಂದೇಬಿಟ್ಟರೆ ಗಾಬರಿ ಬೇಡ. ಆ ಸಲದ ಅಭ್ಯಾಸ ಎಣಿಕೆಗಿಲ್ಲ, ಅಷ್ಟೇ. ಮರುದಿನ ಮತ್ತೆ ಮಾಡಿ. ಇನ್ನೊಂದು ತಪ್ಪು ವೀರಾವೇಶ: ಬನದೊಳಗೆ ನುಗ್ಗುವುದು, ಗಿಡ ಕಡಿಯುವುದು, ಕಲ್ಲು ಮುಟ್ಟಿ ತೋರಿಸುವುದು. ಅದು ಭಯ ಕಳೆಯುವ ಕ್ರಮವಲ್ಲ, ಊರಿನವರ ಮನಸ್ಸು ಕೆಡಿಸುವ ಕೆಲಸ. ಸಾಲದ್ದಕ್ಕೆ ಬನದಲ್ಲಿ ನಿಜವಾದ ಹಾವೂ ಇರುತ್ತದೆ.

ನರಕದ ಭಯ, ಕಬರಿನ (ಗೋರಿಯೊಳಗಿನ ಶಿಕ್ಷೆಯ) ಭಯ ಇರುವವರಿಗೆ ಹೋಗಿ ನಿಲ್ಲಲು ಜಾಗವಿಲ್ಲ. ಅವರು ತಮ್ಮ ಅತಿ ಕೆಟ್ಟ ಕಲ್ಪನೆಯನ್ನು ‘ನಾನು ಇಲ್ಲಿದ್ದೇನೆ, ಹೀಗಾಗುತ್ತಿದೆ’ ಎಂಬಂತೆ ಒಂದು ಪುಟ ಬರೆದು, ದಿನಕ್ಕೆ 20–30 ನಿಮಿಷ ಮತ್ತೆ ಮತ್ತೆ ಗಟ್ಟಿಯಾಗಿ ಓದಬೇಕು, ಎರಡು ವಾರ. ಮೊದಲ ಮೂರು ದಿನ ಹೆಚ್ಚಾಗುತ್ತದೆ, ಆಮೇಲೆ ಬೇಸರ ಬರುತ್ತದೆ. ಬೇಸರ ಬಂದರೆ ಕೆಲಸ ಆಗುತ್ತಿದೆ ಎಂದರ್ಥ. ಜೀವ ತೆಗೆದುಕೊಳ್ಳುವ ಯೋಚನೆ ಇದ್ದವರು, ಧರ್ಮದ ಹೆಸರಲ್ಲಿ ಹೊಡೆತ ಅಥವಾ ದೌರ್ಜನ್ಯ ಅನುಭವಿಸಿದವರು ಇದನ್ನು ಒಬ್ಬರೇ ಮಾಡಬಾರದು, ಚಿಕಿತ್ಸಕರ ಜೊತೆಯಲ್ಲೇ ಮಾಡಬೇಕು.

ಭಯದ ಎರಡನೇ ಮುಖ ಕಾಕತಾಳೀಯ. ಪೂಜೆ ಬಿಟ್ಟ ವರ್ಷವೇ ತೋಟಕ್ಕೆ ಕೊಳೆ ಬಂತು, ಅಪ್ಪನಿಗೆ ಸಕ್ಕರೆ ಕಾಯಿಲೆ ಎಂದು ತಿಳಿಯಿತು, ಬೈಕು ಜಾರಿತು. ಮನೆಯಲ್ಲಿ ಯಾರಾದರೂ ಲೆಕ್ಕ ಜೋಡಿಸಿಯೇ ಜೋಡಿಸುತ್ತಾರೆ, ಜೋಡಿಸದಿದ್ದರೆ ನಿಮ್ಮ ಮನಸ್ಸೇ ಜೋಡಿಸುತ್ತದೆ. ಇದಕ್ಕೆ ಒಂದು ನೋಟ್‌ಬುಕ್ ಸಾಕು. ನಾಲ್ಕು ಅಂಕಣ: ಇಂದಿನ ತಾರೀಕು, ನಾನು ಬಿಟ್ಟದ್ದು, ಅದರಿಂದ ಆಗುತ್ತದೆಂದು ಹೆದರಿದ್ದು, ಎಷ್ಟು ದಿನದೊಳಗೆ. ಐದನೆಯ ಅಂಕಣ ಖಾಲಿ ಬಿಡಿ, ಗಡುವು ಮುಗಿದ ದಿನ ತುಂಬಿಸಲು. ಬರೆಯುವುದು ಘಟನೆಗೆ ಮೊದಲು. ಆಮೇಲೆ ಬರೆದದ್ದಕ್ಕೆ ಬೆಲೆಯಿಲ್ಲ. ‘ಏನಾದರೂ ಕೆಟ್ಟದ್ದು’ ಎಂದೂ ಬರೆಯಬೇಡಿ. ಮೂವತ್ತು ದಿನದಲ್ಲಿ ಏನಾದರೂ ಕೆಟ್ಟದ್ದು ಆಗದ ಮನೆ ಜಿಲ್ಲೆಯಲ್ಲೇ ಇಲ್ಲ. ‘30 ದಿನದೊಳಗೆ ಅಮ್ಮ ಬಿದ್ದು ಮೂಳೆ ಮುರಿಯುತ್ತದೆ’ ಎಂದು ಖಚಿತವಾಗಿ ಬರೆಯಿರಿ. ಆರು ತಿಂಗಳ ಪುಟ ತಿರುವಿದಾಗ ಕಾಣುವುದೇ ಔಷಧ.

ಕೊಳೆ ರೋಗದ್ದು ಒಳ್ಳೆಯ ಉದಾಹರಣೆಯಾದ್ದರಿಂದ ಸ್ವಲ್ಪ ಬಿಡಿಸಿ ಹೇಳಬೇಕು. ಅಡಿಕೆಗೆ ಕೊಳೆ ತರುವುದು ಫೈಟೊಫ್ತೊರಾ ಎಂಬ ಸೂಕ್ಷ್ಮಜೀವಿ. ಬಿಡದೆ ಸುರಿಯುವ ಮಳೆ, ತಂಪು ಮತ್ತು ತೇವ ಅದಕ್ಕೆ ಹಬ್ಬ. ಮಳೆ ಹಿಡಿಯುವ ಮೊದಲು ಶೇಕಡ 1ರ ಬೋರ್ಡೋ ದ್ರಾವಣ ಹೊಡೆದು, 40–45 ದಿನಕ್ಕೆ ಇನ್ನೊಮ್ಮೆ ಹೊಡೆಯಬೇಕು. ಮೊದಲ ಸಲ ತಡವಾದರೆ ಅಥವಾ ಎರಡನೇ ಸಲಕ್ಕೆ ಮಳೆ ಬಿಡುವು ಕೊಡದಿದ್ದರೆ ಕೊಳೆ ಬರುತ್ತದೆ. ಹಾಗಾಗಿ ‘ನಿನ್ನಿಂದಾಗಿ’ ಎಂಬ ಮಾತು ಬಂದಾಗ ಎರಡು ವಿಷಯ ನೋಡಿ: ಈ ಸಲ ಔಷಧ ಹೊಡೆದ ತಾರೀಕು, ಮತ್ತು ನಿತ್ಯ ಪೂಜೆ ನಡೆಯುವ ಪಕ್ಕದ ತೋಟದ ಸ್ಥಿತಿ. ನೋಡುವುದು ನಿಮ್ಮ ಸಮಾಧಾನಕ್ಕೆ. ಜಗಲಿಯಲ್ಲಿ ಎಲ್ಲರೆದುರು ಇದನ್ನು ಹೇಳಿ ಗೆಲ್ಲಲು ಹೋಗಬೇಡಿ.

ಒಂದು ಎಚ್ಚರಿಕೆ. ದೇವರನ್ನು ಬೈಯುವ ಮಾತು, ಅಶ್ಲೀಲ ಚಿತ್ರ ಬೇಡಬೇಡವೆಂದರೂ ನುಗ್ಗಿ ಬಂದು, ಅದನ್ನು ‘ಸರಿ’ ಮಾಡಲು ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಹೊತ್ತು ಜಪವೋ ತೊಳೆಯುವುದೋ ಎಣಿಸುವುದೋ ನಡೆದಿದ್ದರೆ ಅದು ನಂಬಿಕೆಯ ಪ್ರಶ್ನೆಯಲ್ಲ. ಗೀಳು ರೋಗ ಇರಬಹುದು. ಅದಕ್ಕೆ ನಿರ್ದಿಷ್ಟ ಚಿಕಿತ್ಸೆಯೂ ಔಷಧಿಯೂ ಇವೆ. ಔಷಧಿಯ ಪರಿಣಾಮ ಕಾಣಲು 8ರಿಂದ 12 ವಾರ ಹಿಡಿಯಬಹುದು.

ಹೆಜ್ಜೆ 3: ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂರಿ

ಘಟ್ಟದ ಮೇಲೂ ಕೆಳಗೂ ಶ್ರಾವಣದಿಂದ ಕಾರ್ತಿಕದವರೆಗೆ ಉಸಿರು ಬಿಡಲು ಹೊತ್ತಿಲ್ಲ: ನಾಗರಪಂಚಮಿ, ನೂಲಹುಣ್ಣಿಮೆ, ಚೌತಿ, ನವರಾತ್ರಿ, ದೊಡ್ಡಹಬ್ಬ (ದೀಪಾವಳಿ), ತುಳಸಿ ಲಗ್ನ. ಆಮೇಲೆ ಊರಿನ ತೇರು, ಬಂಡಿಹಬ್ಬ, ಎರಡು ವರ್ಷಕ್ಕೊಮ್ಮೆ ಶಿರಸಿಯ ಮಾರಿಕಾಂಬಾ ಜಾತ್ರೆ. ನಿಮ್ಮ ಮನೆಗೆ ರಂಜಾನ್ ಅಥವಾ ಕ್ರಿಸ್‌ಮಸ್ ಮುಖ್ಯವಾದರೆ ಅದೇ. ಜೊತೆಗೆ ಮನೆಯ ತಿಥಿ, ಸತ್ಯನಾರಾಯಣ ಕಥೆ, ಮದುವೆ, ಗೃಹಪ್ರವೇಶ. ಎಲ್ಲವನ್ನೂ ಒಂದು ಹಾಳೆಗೆ ಇಳಿಸಿ, ಎದುರಿಗೆ ಮೂರರಲ್ಲಿ ಒಂದು ಗುರುತು ಹಾಕಿ: ಮಾಡುತ್ತೇನೆ, ಇರುತ್ತೇನೆ ಆದರೆ ಮಾಡುವುದಿಲ್ಲ, ಬರುವುದಿಲ್ಲ.

ನಡುವಿನ ಗುರುತೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಚೌತಿಗೆ ಮಂಟಪ ಕಟ್ಟುವುದು, ಚಕ್ಕುಲಿ ಒತ್ತುವುದು, ಬಂದವರಿಗೆ ಬಡಿಸುವುದು, ಗಣಪತಿ ಬಿಡಲು ನೀರಿನವರೆಗೆ ಹೋಗುವುದು ಇವಕ್ಕೆಲ್ಲ ನಂಬಿಕೆ ಬೇಕಿಲ್ಲ. ಪೂಜೆಗೆ ಕೂರುವುದನ್ನು ಮಾತ್ರ ತಮ್ಮನಿಗೆ ಬಿಡಬಹುದು. ಹೇಳುವ ಮಾತು ಚಿಕ್ಕದಿರಲಿ: ‘ಆಯಿ, ಊಟಕ್ಕೆ ಬರ್ತೇನೆ, ಬಡಿಸೂಕೂ ನಿಲ್ತೇನೆ. ಪೂಜೆಗೆ ಈ ಸಲ ತಮ್ಮ ಕೂರಲಿ.’ ಕಾರಣ ಕೊಡಬೇಡಿ. ಕಾರಣ ಕೊಟ್ಟರೆ ಅದಕ್ಕೆ ಉತ್ತರ ಬರುತ್ತದೆ, ಉತ್ತರಕ್ಕೆ ಉತ್ತರ, ಅಷ್ಟರಲ್ಲಿ ಪಾಯಸ ತಣ್ಣಗಾಗಿರುತ್ತದೆ. ಎರಡನೇ ಸಲ ಕೇಳಿದರೆ ಅದೇ ಮಾತನ್ನು ಅದೇ ಧ್ವನಿಯಲ್ಲಿ ಹೇಳಿ.

ಜನಿವಾರ ತೆಗೆಯುವುದು ಚಿಕ್ಕ ವಿಷಯವೆಂದು ಕಂಡರೂ ಅದು ಘೋಷಣೆಯೇ, ಬಚ್ಚಲಿಗೆ ಹೋಗುವಾಗ ಕಂಡೇ ಕಾಣುತ್ತದೆ. ಮನೆಯಲ್ಲಿ ಹೇಳಲು ಸಿದ್ಧರಾಗುವವರೆಗೆ ಅದನ್ನು ದಾರ ಎಂದುಕೊಂಡು ಹಾಕಿಕೊಂಡಿರುವುದರಲ್ಲಿ ಅಪ್ರಾಮಾಣಿಕತೆ ಏನಿಲ್ಲ. ದೇವಸ್ಥಾನದ ವಂತಿಗೆಯ ಬಗ್ಗೆಯೂ ಮೊದಲೇ ಒಂದು ಮೊತ್ತ ನಿಶ್ಚಯಿಸಿ. ಅನ್ನಸಂತರ್ಪಣೆಗೆ, ಊರಿನ ರಸ್ತೆಗೆ, ಶಾಲೆಗೆ ಎಂದು ಹೆಸರು ಹೇಳಿ ಕೊಡಬಹುದು. ಬಾಗಿಲಲ್ಲಿ ರಸೀದಿ ಪುಸ್ತಕ ಹಿಡಿದು ನಾಲ್ಕು ಜನ ನಿಂತಾಗ ತತ್ತ್ವ ಮಾತಾಡುವುದು ಮಾತ್ರ ಬೇಡ.

ಹೆಂಗಸರಿಗೆ ಈ ಪಟ್ಟಿ ಇಷ್ಟು ಸುಲಭವಲ್ಲ. ಮಡಿ, ನೈವೇದ್ಯದ ಅಡುಗೆ, ವ್ರತ, ಮುಟ್ಟಾದಾಗ ಹೊರಗೆ ಕೂರುವುದು, ಮನೆಯ ಧರ್ಮದ ನಿತ್ಯದ ಕೂಲಿ ಅವರದ್ದೇ. ಗಂಡಸು ಪೂಜೆ ಬಿಟ್ಟರೆ ‘ವಿಚಾರವಾದಿ’ ಅನಿಸಿಕೊಳ್ಳುತ್ತಾನೆ, ಸೊಸೆ ಬಿಟ್ಟರೆ ‘ಸಂಸ್ಕಾರ ಇಲ್ಲ’ ಅನಿಸಿಕೊಳ್ಳುತ್ತಾಳೆ. ಆದ್ದರಿಂದ ಒಮ್ಮೆಗೆ ಒಂದೇ ಗೆರೆ ಎಳೆಯಿರಿ, ಮೈಗೆ ಕಷ್ಟ ಕೊಡುವುದರಿಂದ ಶುರುಮಾಡಿ. ಹೊರಗೆ ಕೂರುವುದು, ನಿರಾಹಾರ ಉಪವಾಸ ಮೊದಲು. ಕುಂಕುಮ, ಹೂವು ಕೊನೆಗೆ ನೋಡಿದರಾಯಿತು. ಗಂಡ ಜೊತೆಗಿದ್ದರೆ ಮಾತು ಅವನ ಬಾಯಿಂದ ಬರಲಿ, ತನ್ನ ಅಮ್ಮನಿಗೆ ಅವನೇ ಹೇಳಲಿ.

ಎಲ್ಲಕ್ಕಿಂತ ಕಠಿಣವಾದದ್ದು ಅಪರಕರ್ಮ ಮತ್ತು ಶ್ರಾದ್ಧ. ಅಪ್ಪ ತೀರಿಕೊಂಡ ತಾಸಿನಲ್ಲಿ ಯಾರೂ ಸರಿಯಾಗಿ ಯೋಚಿಸಲಾರರು. ಹಾಗಾಗಿ ಎಲ್ಲರೂ ಆರೋಗ್ಯವಾಗಿರುವಾಗಲೇ ಅಣ್ಣತಮ್ಮಂದಿರ ಜೊತೆ ಕೂತು ಯಾರು ಕರ್ಮ ಮಾಡುವುದು ಎಂದು ಮಾತಾಡಿಟ್ಟಿರಬೇಕು. ತಮ್ಮ ಕರ್ಮಕ್ಕೆ ಕೂರುವುದು, ನೀವು ಖರ್ಚು, ಅಡುಗೆ, ಬಂದುಹೋಗುವವರನ್ನು ನೋಡಿಕೊಳ್ಳುವುದು: ಈ ಹಂಚಿಕೆ ಹೆಚ್ಚಿನ ಮನೆಗಳಲ್ಲಿ ನಡೆಯುತ್ತದೆ. ಒಬ್ಬನೇ ಮಗನಾದರೆ ನಡೆಯುವುದಿಲ್ಲ. ಆಗ ಭಟ್ಟರನ್ನಲ್ಲ, ಅಮ್ಮನನ್ನು ಕೇಳಿ. ಅವರಿಗೆ ಅದು ಬೇಕೇಬೇಕು ಎಂದಾದರೆ, ಅವರಿಗೋಸ್ಕರ ಮಾಡುವುದೇ ಸರಿ ಎಂಬುದು ನಮ್ಮ ಅಭಿಪ್ರಾಯ. ಮಾಡುವುದಾದರೆ ಮುಖ ಗಂಟಿಕ್ಕಿಕೊಂಡು ಅರ್ಧಂಬರ್ಧ ಮಾಡಬೇಡಿ. ಮಾಡುವುದಿಲ್ಲ ಎಂದು ನಿರ್ಧರಿಸಿದವರೂ ಆ ಹದಿಮೂರು ದಿನ ಮನೆಯಲ್ಲೇ ಇರಬೇಕು. ಪರಲೋಕ ಇಲ್ಲವೆಂದುಕೊಂಡವರಿಗೆ ಸಾವು ಇನ್ನಷ್ಟು ಭಾರ, ‘ಮತ್ತೆ ಸಿಗುತ್ತಾರೆ’ ಎಂಬ ಆಸರೆ ಇಲ್ಲ. ಹಾಗಾಗಿ ಅವರಿಗೂ ಒಂದು ವಿಧಿ ಬೇಕಾಗುತ್ತದೆ: ತೀರಿದವರ ಇಷ್ಟದ ಅಡುಗೆ ಮಾಡಿ ನಾಲ್ಕು ಜನರನ್ನು ಕರೆದು ಅವರ ಕಥೆ ಹೇಳುವ ಒಂದು ದಿನ, ವರ್ಷಕ್ಕೊಮ್ಮೆ.

ಗಂಟೆಯ ಸದ್ದು, ಕರ್ಪೂರದ ವಾಸನೆ, ಬೆಳಗಿನ ಆಜಾನ್, ಕ್ರಿಸ್‌ಮಸ್ ಹಾಡು ಕೇಳಿ ಕಣ್ಣು ತುಂಬಿದರೆ ನಂಬಿಕೆ ವಾಪಸು ಬಂತೆಂದು ಗಾಬರಿಯಾಗಬೇಕಿಲ್ಲ. ಬಾಲ್ಯ ನೆನಪಾಯಿತು, ಅಷ್ಟೇ. ಯಕ್ಷಗಾನ, ತಾಳಮದ್ದಳೆ, ಭಜನೆಯ ಹಾಡು ಯಾವುದನ್ನೂ ಬಿಡಬೇಕಾಗಿಲ್ಲ. ಕೃಷ್ಣಸಂಧಾನ ನೋಡಿ ಅಳಲು ಕೃಷ್ಣನನ್ನು ನಂಬಿರಲೇಬೇಕು ಎಂದಿಲ್ಲ.

ಹೆಜ್ಜೆ 4: ಮನೆಯಲ್ಲಿ ಹೇಳುವುದು, ಅಥವಾ ಹೇಳದಿರುವುದು

ಮೊದಲು ಸುರಕ್ಷತೆಯ ಲೆಕ್ಕ. ಓದಿನ ಖರ್ಚು, ಊಟ, ಇರಲು ಜಾಗ ಮನೆಯದ್ದೇ? ಹೇಳಿದರೆ ಓದು ನಿಲ್ಲಿಸುವ, ಅವಸರದ ಮದುವೆ ಮಾಡುವ, ಫೋನು ಕಿತ್ತುಕೊಳ್ಳುವ, ಹೊಡೆಯುವ ಸಾಧ್ಯತೆ ಇದೆಯೇ? ಒಂದಕ್ಕಾದರೂ ‘ಹೌದು’ ಎಂದರೆ ಈಗ ಹೇಳಬೇಡಿ. ಸ್ವಂತ ದುಡಿಮೆ ಬರುವವರೆಗೆ ಮುಂದೂಡುವುದು ಮೋಸವಲ್ಲ. ಅಷ್ಟರಲ್ಲಿ ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ನಂಬಿಕಸ್ಥರಲ್ಲಿ ಇಡಿ. ಖಾತೆ ನಿಮ್ಮೊಬ್ಬರ ಹೆಸರಲ್ಲಿರಲಿ, ಒಂದೆರಡು ತಿಂಗಳು ಬದುಕುವಷ್ಟು ದುಡ್ಡು ಅದರಲ್ಲಿರಲಿ, ರಾತ್ರಿ ಹೋಗಿ ಬಾಗಿಲು ತಟ್ಟಬಹುದಾದ ಒಂದು ಮನೆ ಗೊತ್ತಿರಲಿ. ತುರ್ತಿಗೆ 112, ಹೆಂಗಸರಿಗೆ 181, ಹದಿನೆಂಟರೊಳಗಿನವರಿಗೆ 1098.

ಹೇಳುವುದಾದರೆ ಒಬ್ಬೊಬ್ಬರಿಗೇ ಹೇಳಿ. ಮೊದಲು ಅಕ್ಕನೋ ಚಿಕ್ಕಪ್ಪನೋ, ಗುಟ್ಟು ಇಟ್ಟುಕೊಳ್ಳಬಲ್ಲವರು. ಅಪ್ಪ-ಅಮ್ಮನಿಗೆ ಹೇಳುವ ದಿನ ಹಬ್ಬವಾಗಿರಬಾರದು, ಮನೆಯಲ್ಲಿ ಕಾಯಿಲೆಯವರಿರಬಾರದು, ಅಡಿಕೆ ಕೊಯ್ಲಿನ ಗಡಿಬಿಡಿ ಇರಬಾರದು. ಫೋನಿನಲ್ಲಿ ಬೇಡ. ಜೊತೆಯಲ್ಲಿ ನಡೆಯುತ್ತಲೋ ಅಡಿಕೆ ಸುಲಿಯುತ್ತಲೋ ಹೇಳಿದರೆ ಒಳ್ಳೆಯದು. ಕಣ್ಣಲ್ಲಿ ಕಣ್ಣಿಡದೆ ಮಾತಾಡುವಾಗ ಇಬ್ಬರಿಗೂ ಹಗುರ. ಮೂರು ವಾಕ್ಯ ಸಾಕು: ‘ಅಪ್ಪ, ಕೆಲವು ಸಮಯದಿಂದ ನಂಗೆ ದೇವರ ಮೇಲೆ ನಂಬಿಕೆ ಇಲ್ಲ. ನಿಮ್ಮ ಮೇಲಿನ ಪ್ರೀತಿ, ಮನೆಯ ಜವಾಬ್ದಾರಿ ಎರಡೂ ಹಾಗೇ ಇದೆ. ನೀವು ಪೂಜೆ ಮಾಡೂದಕ್ಕೆ ನನ್ನದೇನೂ ತಕರಾರಿಲ್ಲ.’

ಆಮೇಲೆ ಬರುವುದು ನಾಲ್ಕರಲ್ಲಿ ಒಂದು: ಮೌನ, ಅಳು, ಬೈಗುಳ, ಅಥವಾ ‘ಯಾರು ಕಲಿಸಿದ್ದು?’ ಎಂಬ ಪ್ರಶ್ನೆ. ಕೊನೆಯದಕ್ಕೆ ಯಾರ ಹೆಸರನ್ನೂ ಹೇಳಬೇಡಿ, ಗೆಳೆಯನ ತಲೆಗೆ ಬರುತ್ತದೆ. ಅಮ್ಮ ಅಳುವುದು ಬಹುಪಾಲು ತತ್ತ್ವಕ್ಕಲ್ಲ. ಮಗನಿಗೆ ಕೆಡುಕಾದೀತು, ತಮ್ಮ ಬೆಳೆಸುವಿಕೆಯಲ್ಲಿ ತಪ್ಪಾಯಿತು, ನೆಂಟರು ಏನೆಂದಾರು ಎಂಬ ಮೂರು ಭಯಕ್ಕೆ. ಆ ಮೂರಕ್ಕೇ ಉತ್ತರ ಕೊಡಿ. ದೇವರ ಅಸ್ತಿತ್ವದ ಬಗ್ಗೆ ಯಾರಾದರೂ ವಾದಕ್ಕೆ ಕರೆದರೆ ಏಳಬೇಡಿ. ಮೊದಲ ಆರು ವಾರ ಮನೆಗೆ ಹೋಗುವುದನ್ನೂ ಫೋನು ಮಾಡುವುದನ್ನೂ ಕಡಿಮೆ ಮಾಡದೆ, ಎಂದಿಗಿಂತ ಸ್ವಲ್ಪ ಹೆಚ್ಚೇ ಮಾಡಿ. ‘ದೇವರನ್ನು ಬಿಟ್ಟವ ನಾಳೆ ನಮ್ಮನ್ನೂ ಬಿಡುತ್ತಾನೆ’ ಎಂಬ ಅವರ ಭಯ ಸುಳ್ಳಾಗುವುದು ಹಾಗೆಯೇ. ಜ್ಯೋತಿಷಿಯ ಹತ್ತಿರ, ಸ್ವಾಮಿಗಳ ಹತ್ತಿರ, ದೇವರ ಅಪ್ಪಣೆಗಾಗಿ ಪ್ರಸಾದ ಕೇಳಲು ಕರೆದರೆ ಒಮ್ಮೆ ಜೊತೆಗೆ ಹೋಗಿಬರಲು ಅಡ್ಡಿಯಿಲ್ಲ. ಎರಡನೇ ಸಲಕ್ಕೆ ‘ಒಮ್ಮೆ ಬಂದೆನಲ್ಲ’ ಎಂದರಾಯಿತು.

ಹೆಜ್ಜೆ 5: ಕಳೆದುಹೋದ ಜನರ ಜಾಗಕ್ಕೆ

ದೇವಸ್ಥಾನ, ಮಸೀದಿ, ಚರ್ಚು ದೇವರಿಗಾಗಿ ಮಾತ್ರ ಇದ್ದವಲ್ಲ. ವಾರಕ್ಕೊಮ್ಮೆ ಮುಖ ನೋಡುವುದು, ಕಾಯಿಲೆ ಬಿದ್ದಾಗ ಅನ್ನ ತರುವವರು, ಹೆಣ ಹೊರಲು ನಾಲ್ಕು ಹೆಗಲು, ಹುಡುಗ-ಹುಡುಗಿಯ ಸುದ್ದಿ, ಎಲ್ಲ ಅಲ್ಲೇ ಸಿಗುತ್ತಿತ್ತು. ನಿಮಗೆ ಇದರಲ್ಲಿ ಯಾವುದು ತಪ್ಪಿಹೋಗಿದೆ ಎಂದು ನೋಡಿ, ಅದಕ್ಕೆ ಮಾತ್ರ ಬದಲಿ ಹುಡುಕಿ. ವಾರಕ್ಕೆ ಎರಡು ನಿಗದಿತ ಭೇಟಿ ಸಾಕು: ವಾಲಿಬಾಲ್, ಚಂಡೆ ಕಲಿಕೆ, ಗ್ರಂಥಾಲಯ, ಸ್ವಸಹಾಯ ಸಂಘ, ಏನಾದರೂ. ಊರಿನವರ ಸಾವಿಗೆ, ಮದುವೆಗೆ, ಗದ್ದೆ ನಾಟಿಗೆ ಮೊದಲಿಗಿಂತ ಮುಂಚೆ ಹೋಗಿ ನಿಲ್ಲಿ. ಪೂಜೆಗೆ ಬಾರದವನನ್ನು ನಮ್ಮ ಊರುಗಳು ಕ್ಷಮಿಸುತ್ತವೆ, ಸಾವಿನ ಮನೆಗೆ ಬಾರದವನನ್ನಲ್ಲ.

ಈ ನೆಲದಲ್ಲಿ ನೀವೇ ಮೊದಲಿಗರೂ ಅಲ್ಲ. ಗೋಕರ್ಣದಂಥ ಕ್ಷೇತ್ರದಲ್ಲೇ ಶಿಕ್ಷಕರಾಗಿ ಬಾಳಿದ ಗೌರೀಶ ಕಾಯ್ಕಿಣಿ (1912–2002) ಚಿಂತಕ ಎಂ. ಎನ್. ರಾಯ್ ಅವರ, ದೇವರನ್ನು ಆಧರಿಸದ ಮಾನವತಾವಾದವನ್ನು ಒಪ್ಪಿ ಬರೆದವರು, ಊರು ಬಿಟ್ಟು ಹೋಗಲಿಲ್ಲ. ಹಳೆಯ ಗುರುವಿನ ಜಾಗಕ್ಕೆ ಹೊಸ ಗುರುವನ್ನು ತಂದು ಕೂರಿಸುವುದು ಮಾತ್ರ ಬೇಡ. ಅವನು ಧ್ಯಾನ ಕಲಿಸುವವನಾಗಲಿ, ನಾಸ್ತಿಕ ಭಾಷಣಕಾರನಾಗಲಿ, ಮೊದಲ ವರ್ಷದ ಟೊಳ್ಳಿನಲ್ಲಿ ಸಿಕ್ಕವರಿಗೆಲ್ಲ ಮನಸ್ಸು ಒಪ್ಪಿಸುವ ಅಪಾಯ ಇದ್ದೇ ಇರುತ್ತದೆ.

ಡಾಕ್ಟರ ಹತ್ತಿರ ಯಾವಾಗ

ಖಿನ್ನತೆ ಅಳೆಯುವ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ ಉಚಿತವಾಗಿ ಸಿಗುತ್ತದೆ. ಹಿಂದಿನ ಎರಡು ವಾರದ ಬಗ್ಗೆ ಕೇಳುತ್ತದೆ, ಒಟ್ಟು 27 ಅಂಕ. 10 ಅಥವಾ ಹೆಚ್ಚು ಬಂದರೆ ತೋರಿಸಿಕೊಳ್ಳಿ. ಒಂಬತ್ತನೆಯ ಪ್ರಶ್ನೆ ಸಾಯುವ ಯೋಚನೆಯದ್ದು. ಅದಕ್ಕೆ ಸೊನ್ನೆ ಬಿಟ್ಟು ಬೇರೇನು ಬಂದರೂ ಒಟ್ಟು ಅಂಕ ನೋಡದೆ ಅಂದೇ ಮಾತಾಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ 14416 ದಿನದ 24 ತಾಸೂ ಉಚಿತ, ಕನ್ನಡದಲ್ಲಿ ಮಾತಾಡಬಹುದು. ಕರೆ ಮಾಡಿದಾಗ ಇಡೀ ಕಥೆ ಹೇಳಬೇಕಿಲ್ಲ. ‘ಧರ್ಮದ ನಂಬಿಕೆ ಬಿಟ್ಟಿದ್ದೇನೆ, ಇಷ್ಟು ವಾರದಿಂದ ನಿದ್ದೆಯಿಲ್ಲ, ಭಯ ಆಗುತ್ತದೆ’ ಎಂದು ಶುರುಮಾಡಿ.

ಸಣ್ಣ ಊರಿನ ಕಷ್ಟವೆಂದರೆ ಡಾಕ್ಟರು ಅಪ್ಪನ ಗೆಳೆಯರಾಗಿರುತ್ತಾರೆ. ಗುಟ್ಟು ಕಾಯುವುದು ಅವರಿಗೆ ಕಾನೂನಿನ ಕರ್ತವ್ಯ. ಆದರೂ ಅಳುಕಿದ್ದರೆ ಕಾರವಾರದ ಜಿಲ್ಲಾ ಆಸ್ಪತ್ರೆಯ ಮನೋವೈದ್ಯ ವಿಭಾಗ, ಘಟ್ಟದ ಮೇಲಿನವರಿಗೆ ಹುಬ್ಬಳ್ಳಿಯ ಆಸ್ಪತ್ರೆ ಅಥವಾ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ಯಾವುದೆಂದು ಅಲ್ಲೇ ಕೇಳಿ. ಆಪ್ತಸಮಾಲೋಚಕರ ಹತ್ತಿರ ಹೋಗುವುದಾದರೆ ಫೋನಿನಲ್ಲೇ ಎರಡು ಪ್ರಶ್ನೆ: ಓದು ಯಾವುದು, ಧರ್ಮ ಬಿಟ್ಟವರ ಜೊತೆ ಕೆಲಸ ಮಾಡುವುದರಲ್ಲಿ ಅವರಿಗೆ ತೊಡಕಿದೆಯೇ. ಕ್ಲಿನಿಕಲ್ ಸೈಕಾಲಜಿಸ್ಟ್ ಎಂದು ಬೋರ್ಡು ಹಾಕಿದವರಿಗೆ ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಸಂಖ್ಯೆ ಇರಬೇಕು. ‘ದಿನಾ ದೀಪ ಹಚ್ಚಿ, ಎಲ್ಲ ಸರಿಹೋಗುತ್ತದೆ’ ಎಂದು ಸಲಹೆ ಬಂದರೆ ಶುಲ್ಕ ಕೊಟ್ಟು ಎದ್ದುಬನ್ನಿ.

ಕಾಗದಪತ್ರದ ಮೂರು ಮಾತು

ಆಸ್ತಿ ಹೋಗುತ್ತದೆ ಎಂಬ ಬೆದರಿಕೆ ಸಾಮಾನ್ಯ. ಹಿಂದೂ ಉತ್ತರಾಧಿಕಾರ ಕಾಯ್ದೆ ಪೂಜೆ ಮಾಡುತ್ತೀರಾ ಎಂದು ಕೇಳುವುದಿಲ್ಲ. ಹಿಂದೂ ಮನೆಯಲ್ಲಿ ಹುಟ್ಟಿ ನಂಬಿಕೆ ಮಾತ್ರ ಬಿಟ್ಟವರಿಗೂ ಅದೇ ಅನ್ವಯ. ಬೇರೆ ಧರ್ಮದ ಮನೆಯವರು ವಕೀಲರನ್ನು ಕೇಳದೆ ಹೆಜ್ಜೆ ಇಡಬಾರದು.

ಸಪ್ತಪದಿಯೋ ನಿಕಾಹೋ ಬೇಡವೆನ್ನುವವರಿಗೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. ಇಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ 30 ದಿನದಿಂದ ವಾಸವಿದ್ದು ವಿವಾಹ ಅಧಿಕಾರಿಗೆ ನೋಟಿಸ್ ಕೊಡಬೇಕು. ನೋಟಿಸ್ ಕಚೇರಿಯ ಗೋಡೆಗೆ ಅಂಟುತ್ತದೆ, ಆಕ್ಷೇಪಣೆಗೆ 30 ದಿನ, ಮದುವೆಯ ದಿನ ಮೂವರು ಸಾಕ್ಷಿಗಳು. ನೋಟಿಸ್ ಕೊಟ್ಟ ಮೂರು ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ. ತಹಶೀಲ್ದಾರ ಕಚೇರಿಗೆ ಪಹಣಿ ತರಲು ಹೋದ ಊರಿನವರು ಪಕ್ಕದ ಗೋಡೆಯನ್ನೂ ಓದಿಯೇ ಓದುತ್ತಾರೆ, ಆದ್ದರಿಂದ ಮನೆಯಲ್ಲಿ ಹೇಳುವುದು ನೋಟಿಸಿಗಿಂತ ಮೊದಲಾಗಬೇಕು. ಇಬ್ಬರೂ ಹಿಂದೂ ಮನೆಯವರಾದರೆ ಅವಿಭಕ್ತ ಕುಟುಂಬದ ಹಕ್ಕು, ಉತ್ತರಾಧಿಕಾರ ಹಾಗೇ ಇರುತ್ತವೆ. ಹುಡುಗಿಯೋ ಹುಡುಗನೋ ಮುಸ್ಲಿಂ ಅಥವಾ ಕ್ರಿಶ್ಚಿಯನ್ ಆದರೆ ಅವಿಭಕ್ತ ಕುಟುಂಬದಿಂದ ಬೇರೆಯಾದಂತೆ ಕಾನೂನು ಎಣಿಸುತ್ತದೆ. ಒಟ್ಟು ಕುಟುಂಬದ ತೋಟವಿರುವವರು ಇದನ್ನು ಮೊದಲೇ ತಿಳಿದಿರಬೇಕು.

ತನ್ನ ಕರ್ಮ ಮಾಡಿಸುವುದು ಬೇಡ ಎನ್ನುವವರು ದೇಹದಾನದ ಅರ್ಜಿಯನ್ನು ಕಾರವಾರದ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ವಿಚಾರಿಸಬಹುದು. ಕಣ್ಣು ಕೊಡುವುದಾದರೆ ಸಾವಿನ ಆರು ತಾಸಿನೊಳಗೆ ತೆಗೆಯಬೇಕು. ಎರಡಕ್ಕೂ ಕೊನೆಗೆ ಫೋನು ಮಾಡುವವರು, ದೇಹ ಒಪ್ಪಿಸುವವರು ಮನೆಯವರೇ. ಅವರು ಒಪ್ಪದಿದ್ದರೆ ನಿಮ್ಮ ಸಹಿಯೊಂದರಿಂದ ಕೆಲಸ ಆಗುವುದಿಲ್ಲ. ಅರ್ಜಿಯ ಪ್ರತಿಯನ್ನು ರೇಷನ್ ಕಾರ್ಡ್ ಇಡುವ ಫೈಲಿನಲ್ಲೇ ಇಟ್ಟು, ಯಾವ ಸಂಖ್ಯೆಗೆ ಕರೆ ಮಾಡಬೇಕೆಂದು ಅದರ ಮೇಲೇ ದಪ್ಪಕ್ಷರದಲ್ಲಿ ಬರೆದು, ಕನಿಷ್ಠ ಇಬ್ಬರಿಗೆ ತೋರಿಸಿಡಿ.